ಕೊನೇ ಬೆಂಚಿನ ಚಿತ್ರ

ಕೊಟ್ಟಿಗೆಹಾರದ ಪ್ರಫುಲ್ಲಾ ಟೀಚರ್ ಬೇರೆ ಟೀಚರುಗಳಿಗಾಗಿ ಪ್ರತಿ ಶನಿವಾರ ಒಂದು ವಿಡಿಯೋ ಹಾಕುತ್ತಿದ್ದರು. ಸಂಸೆ ಹತ್ತಿರದ ಶಾಲೆಯ ಟೀಚರ್ ಅರ್ಚನಾ ಗಣಿತದ್ದನ್ನು ಮಾತ್ರ ನೋಡುತ್ತಿದ್ದಳು. 'ಭಾಷೆ ಬಾರದ ಮಗು ಬಂದರೆ' ಎಂಬುದನ್ನು ಆಮೇಲೆ ನೋಡಿದರಾಯಿತು ಅಂತ ಬಿಟ್ಟಿದ್ದಳು.

ಅಂಥ ಮಗು ಅವಳ ಕ್ಲಾಸಿನಲ್ಲೇ ಇತ್ತು. ಕಾಫಿ ಕುಯ್ಲಿಗೆ ಅಸ್ಸಾಮಿನಿಂದ ಬಂದವರ ಮಗಳು, ರೂಪಾಲಿ. ಕನ್ನಡದ ಗಂಧಗಾಳಿಯೂ ಇಲ್ಲ. "ಕುಯ್ಲು ಮುಗಿದ್ರೆ ಹೋಗೋ ಹುಡುಗಿ, ಏನು ಕಲಿಸೋದು ಮಾರಾಯ್ತಿ" ಎಂದು ಜೊತೆಯ ಟೀಚರ್ ಹತ್ತಿರ ಗೊಣಗಿ, ಬಿಳಿಹಾಳೆ, ಕ್ರೇಯಾನ್ ಕೊಟ್ಟು ಕೊನೇ ಬೆಂಚಿನಲ್ಲಿ ಕೂರಿಸಿದಳು. ಹಾಗೇ ಎರಡು ತಿಂಗಳು ಕಳೆಯಿತು.

ಫೆಬ್ರವರಿಯ ಒಂದು ಭಾನುವಾರ ಆ ವಿಡಿಯೋ ನೋಡಿದಳು. "ನಾನೂ ಅಂಥ ಒಂದು ಮಗೂನ ಹಿಂದೆ ಕೂರಿಸಿ ಮರೆತಿದ್ದೆ. ನೀವು ಹಾಗೆ ಮಾಡ್ಬೇಡಿ," ಎಂದರು ಪ್ರಫುಲ್ಲಾ ಟೀಚರ್. "ನೀರಿಗೆ ನಿಮ್ಮಲ್ಲಿ ಏನಂತಾರೆ ಅಂತ ಕೇಳಿ. ಆ ಒಂದು ಮಾತನ್ನ ಅದು ಇಡೀ ಕ್ಲಾಸಿಗೆ ಕಲಿಸ್ಲಿ."

ಸೋಮವಾರ ಅರ್ಚನಾ ಒಂದು ಲೋಟ ನೀರು ಹಿಡಿದು ಕ್ಲಾಸಿಗೆ ಬಂದಳು. ಕೊನೇ ಬೆಂಚು ಖಾಲಿ. ಕುಯ್ಲು ಮುಗಿದು, ಎಸ್ಟೇಟಿನ ಜೀಪು ನಿನ್ನೆಯೇ ಅವರನ್ನೆಲ್ಲ ಕರೆದೊಯ್ದಿತ್ತು.

ಬೆಂಚಿನ ಮೇಲೆ ಹಾಳೆಗಳು ಉಳಿದಿದ್ದವು. ಮನೆಯಿಲ್ಲ, ಹೂವಿಲ್ಲ. ಎಲ್ಲದರಲ್ಲೂ ಒಂದೇ ಚಿತ್ರ: ಕರಿಹಲಗೆ, ನೀಲಿ ಸೀರೆ, ಉದ್ದ ಜಡೆ. ಯಾವುದರಲ್ಲೂ ಮುಖವಿಲ್ಲ, ಬೆನ್ನು ಮಾತ್ರ.

ಮಧ್ಯಾಹ್ನ ಅವಳು ಪ್ರಫುಲ್ಲಾ ಟೀಚರಿಗೆ ತಾನೇ ಒಂದು ವಿಡಿಯೋ ಮಾಡಿ ಕಳಿಸಿದಳು. ಅದರಲ್ಲಿ "ಇದನ್ನೂ ಹಾಕಿ, ಉಳಿದ ಟೀಚರುಗಳು ನೋಡ್ಲಿ" ಎಂದು ಒಂದು ಹಾಳೆಯನ್ನು ಕ್ಯಾಮೆರಾ ಮುಂದೆ ಹಿಡಿದಳು.

"ಇದು ನಾನು. ಎರಡು ತಿಂಗಳು ಆ ಮಗುವಿಗೆ ಕಂಡಿದ್ದು ಇಷ್ಟೇ."