ಫೋಟೊ ಮುಗಿಯುವ ತನಕ

ಫ್ಲ್ಯಾಷ್ ಮಿಂಚಲಿಲ್ಲ, ಒಂದ್ನಿಮಿಷ ಮೇಡಂ, ಹಾಗೇ ಹಿಡ್ಕೊಂಡಿರಿ, ಇಬ್ಬರೂ ಇಲ್ಲಿ ನೋಡಿ ಎನ್ನುತ್ತಾ ಫೋಟೊಗ್ರಾಫರ್ ಕ್ಯಾಮೆರಾದ ಬೆನ್ನು ತಟ್ಟುತ್ತಿದ್ದಾನೆ, ಅವಳು ಹಾಗೇ ಹಿಡಿದುಕೊಂಡಿದ್ದಾಳೆ, ತಂಗಿಯ ಹೆಸರು ಕೆತ್ತಿದ ಫಲಕದ ಒಂದು ಅಂಚು ಅವಳ ಕೈಯಲ್ಲಿ, ಇನ್ನೊಂದು ವಿದ್ಯಾರ್ಥಿವೇತನ ಸಿಕ್ಕ ಈ ಹುಡುಗಿಯ ಕೈಯಲ್ಲಿ, ಯಾರಾದರೂ ನಡೆದರೆ ಮರದ ವೇದಿಕೆ ಅಲುಗುತ್ತದೆ, ಮುಂದಿನ ಸಾಲಿನಲ್ಲಿ ತಂಗಿಯ ಜೊತೆ ಓದಿದವರು, ಎಲ್ಲರಿಗೂ ಹೊಟ್ಟೆ ಬಂದಿದೆ, ಇಬ್ಬರಿಗೆ ಕನ್ನಡಕ ಬಂದಿದೆ, ಅದೂ ಅವಳು ಕೆಲಸ ಮಾಡುವ ಅಂಗಡಿಯದೇ — ಅಕ್ಕಾ, ನಮ್ಮ ಗಡಿಬಿಡಿಯ ನೆನಪಿಗೆ ಏನಾದ್ರೂ ಮಾಡೋಣ ಅಂತಿದೀವಿ ಎಂದು ಗುಂಪುಕಟ್ಟಿ ಬಂದದ್ದೂ ಆ ಅಂಗಡಿಗೇ, ಕಾಲೇಜಿನಲ್ಲಿ ತಂಗಿಯನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು, ಹೊಸದಾಗಿ ಪತ್ರಿಕೆ ಸೇರಿದವರಿಗೆ ವರ್ಷಕ್ಕೊಂದು ವಿದ್ಯಾರ್ಥಿವೇತನ, ಗಡಿಬಿಡಿ ವಿದ್ಯಾರ್ಥಿವೇತನ ಅಂತಲೇ ಇಟ್ಟುಬಿಡೋಣ ಅಂದ್ರೆ ಬ್ಯಾಂಕಿನೋರು ನಗ್ತಾರೆ ಅಕ್ಕಾ, ಎಲ್ಲರೂ ನಕ್ಕರು, ಅವಳೂ ನಕ್ಕಳು, ನಕ್ಕು ಮುಗಿದ ಮೇಲೆ ಒಂದೇ ಒಂದು ಮಾತು ಕೇಳಿಕೊಂಡಳು, ನೀರು, ಬೆಂಕಿ, ಗಲಾಟೆ ಅಂತ ಸುದ್ದಿಗೆ ಓಡೋರಿಗೆ ಕೊಡಬೇಡ್ರಪ್ಪಾ, ಅವರಲ್ಲಿ ಉದ್ದನೆಯವನು ಕೈಯಲ್ಲಿದ್ದ ಕನ್ನಡಕದ ಫ್ರೇಮನ್ನು ಮೆಲ್ಲಗೆ ಕೆಳಗಿಟ್ಟ, ಹಾಗಾದ್ರೆ ಗಡಿಬಿಡಿಗೇ ಸಿಗ್ತಿರಲಿಲ್ವಲ್ಲಾ ಅಕ್ಕಾ, ಅವಳು ಆ ಫ್ರೇಮನ್ನು ಒರೆಸಿ ಗೂಡಿಗೆ ಇಟ್ಟಳು, ಈಗ ಈ ಹುಡುಗಿ ಫಲಕಕ್ಕೆ ಕೈ ಹಚ್ಚುವಾಗ ಕಿವಿಯ ಹತ್ತಿರ ಬಂದು ಹೇಳಿದ್ದಾಳೆ, ಈ ದುಡ್ಡಲ್ಲಿ ನಾನು ಆ ನದಿ ಕಡೆಗೇ ಹೋಗ್ತಿದೀನಿ ಅಕ್ಕಾ, ಒಡ್ಡು ಮತ್ತೆ ಬಿರುಕು ಬಿಟ್ಟಿದೆಯಂತೆ, ನಿಮ್ಮ ತಂಗಿ ಅರ್ಧಕ್ಕೆ ಬಿಟ್ಟದ್ದನ್ನ ನಾನು ಬರೆದು ಮುಗಿಸ್ತೀನಿ.

ಅರ್ಧಕ್ಕೆ ಬಿಟ್ಟದ್ದು, ಏನೇನನ್ನು ಅರ್ಧಕ್ಕೆ ಬಿಟ್ಟಿದ್ದಳು, ಮೇಜಿನ ಮೇಲೆ ಕಾಫಿ, ಒಂದು ಕಿವಿಯ ಓಲೆ, ಒಡ್ಡು ಒಡೆದ ಸುದ್ದಿಗೆಂದು ಹತ್ತಿದ ದೋಣಿ ನಡುನೀರಿನಲ್ಲಿ ಮಗುಚಿತು — ಮತ್ತು ಕೂದಲು, ಈ ಹುಡುಗಿಯ ಕೂದಲು ಒದ್ದೆ, ತಲೆಗೆ ನೀರು ಹಾಕಿಕೊಂಡು ಹಾಗೇ ಓಡಿ ಬಂದಿರಬೇಕು, ತುದಿಯಿಂದ ಹನಿಯಿಳಿದು ಭುಜದ ಬಟ್ಟೆ ಕಪ್ಪಾಗಿದೆ, ದಿನವಿಡೀ ಗಾಜು ಬದಲಿಸುತ್ತಾ ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಗಿರಾಕಿಗಳನ್ನು ಕೇಳುವವಳಿಗೆ ಪಕ್ಕದಲ್ಲಿರುವ ಮುಖ ಯಾರದೆಂದು ಒಂದು ಕ್ಷಣ ತಿಳಿಯಲಿಲ್ಲ, ತಂಗಿಯೂ ಒಂದು ದಿನ ನೆಟ್ಟಗೆ ತಲೆ ಒರೆಸಿಕೊಂಡು ಹೊರಟವಳಲ್ಲ, ಟವೆಲ್ ಹಿಡಿದು ಮೆಟ್ಟಿಲ ತನಕ ಹಿಂದೆ ಓಡಬೇಕು, ಶೀತ ಆಗತ್ತೆ ಕಣೇ ನಿಲ್ಲೇ, ಒಣಗತ್ತೆ ಬಿಡೇ ಅಕ್ಕಾ, ಬೆನ್ನ ಮೇಲಿನ ಒದ್ದೆ ಕಲೆ ಬೀದಿಯ ತಿರುವಿನವರೆಗೂ ಕಾಣುತ್ತಿತ್ತು, ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಅದೇ ಕೂದಲು ಒಣಗಿತ್ತು, ದಂಡೆಯ ಬಿಸಿಲಿನಲ್ಲಿ ಬಹಳ ಹೊತ್ತು ಬಿದ್ದಿದ್ದಳಂತೆ, ನಯವಾಗಿ, ಬಿಡಿಬಿಡಿಯಾಗಿ, ಎಳೆಗಳ ನಡುವೆ ಮರಳು, ಇವರು ನಿಮ್ಮವರೇನಮ್ಮಾ ಎಂದು ಅಲ್ಲಿಯವನು ಕೇಳಿದಾಗ ಅಲ್ಲ ಎನ್ನಲು ಬಾಯಿ ತೆರೆದಿದ್ದಳು, ನಮ್ಮವಳ ಕೂದಲು ಹೀಗಿರೋಲ್ಲ —

ಆಯ್ತು ಮೇಡಂ, ಕೈ ಬಿಡಿ. ಫ್ಲ್ಯಾಷ್ ಯಾವಾಗ ಮಿಂಚಿತೋ, ಹುಡುಗಿ ಫಲಕವನ್ನು ಮೆಲ್ಲಗೆ ಎಳೆದಳು, ಅಕ್ಕನ ಬೆರಳು ಸಡಿಲವಾಗಲಿಲ್ಲ, ಉದ್ದನೆಯವನು ಕುರ್ಚಿಯಿಂದ ಅರ್ಧ ಎದ್ದ, ಬಿಟ್ಟರೆ ಹೋಗುತ್ತಾಳೆ, ಬಿಡದಿದ್ದರೂ ಹೋಗುತ್ತಾಳೆ, ಯಾರ ಹತ್ತಿರವೋ ಕೈಗಡ ಮಾಡಿ, ನಾಲ್ಕು ದಿನ ತಡವಾಗಿ, ಹೋಗಬೇಡ ಎನ್ನಬೇಕು, ಈಗಲೇ ಎನ್ನಬೇಕು, ಬಾಯಿಗೆ ಬಂದದ್ದು ತಲೆ ಒರೆಸ್ಕೊಂಡು ಬರಬಾರ್ದೇನೇ, ಹುಡುಗಿ ನಕ್ಕಳು, ಬಸ್ಸಿಗೆ ಲೇಟಾಗಿತ್ತು, ಒಣಗತ್ತೆ ಬಿಡಿ ಅಕ್ಕಾ — ಕೈಚೀಲದ ಜಿಪ್ಪು ಎಳೆದು ಕರವಸ್ತ್ರ ತೆಗೆಯಲು ಎರಡೂ ಕೈ ಬೇಕಾಯಿತು, ತೆಗೆಯುವಷ್ಟರಲ್ಲಿ ಫಲಕ ಹುಡುಗಿಯ ಎದೆಗೆ ಸೇರಿತ್ತು, ಚಪ್ಪಾಳೆ, ಅವಳು ಆ ಕೂದಲ ತುದಿಯನ್ನು ಕರವಸ್ತ್ರದಲ್ಲಿ ಹಿಡಿದು ಒತ್ತಿದಳು, ಒರೆಸಿದಳು, ಎಳೆಗಳು ಅಂಗೈಯಲ್ಲಿ ಒಂದೊಂದಾಗಿ ಬಿಡಿಸಿಕೊಳ್ಳತೊಡಗಿದವು, ನಯವಾಗಿ, ಬಿಡಿಬಿಡಿಯಾಗಿ, ಕೈ ನಿಂತಿತು, ಬೇಡ, ಒಣಗುವುದು ಬೇಡ, ಹಾಗೇ ಇರ್ಲಿ ಹೋಗಮ್ಮಾ, ಹುಡುಗಿ ಮೆಟ್ಟಿಲಿಳಿದಳು, ಕುರ್ಚಿಗಳ ನಡುವೆ ನಡೆದಳು, ಬೆನ್ನ ಮೇಲೆ ಒದ್ದೆ ಕಲೆ, ಬಾಗಿಲ ಹತ್ತಿರ ಒದ್ದೆ, ಇನ್ನೂ ಒದ್ದೆ, ಬಾಗಿಲಾಚೆ ಬಿಸಿಲು