ಕಂಡಕ್ಟರನ ಹೆಬ್ಬೆರಳು

ನಲವತ್ತಾರನೆಯ ವಯಸ್ಸಿನಲ್ಲೂ ಮನುಷ್ಯ ಏನು ಬೇಕಾದರೂ ಬಿಡಬಹುದು. ಕೆಲಸ ಬಿಡಬಹುದು, ಕಾಫಿ ಬಿಡಬಹುದು, ಮನಸ್ಸು ಮಾಡಿದರೆ ಹಟವನ್ನೂ ಬಿಡಬಹುದು. ನಮ್ಮ ಕಂಡಕ್ಟರನಿಗೆ ಬಿಡಲಾಗದೆ ಉಳಿದದ್ದು ಒಂದೇ, ಹೆಬ್ಬೆರಳು ನೆಕ್ಕುವ ಚಟ.

ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಬೆರಳು ಅದು. ಪ್ರತಿ ಟಿಕೆಟಿಗೂ ಒಮ್ಮೆ ನಾಲಿಗೆಗೆ ತಾಗಿಸುವುದು, ಕಟ್ಟಿನಿಂದ ಒಂದನ್ನು ಸರಕ್ಕನೆ ಎಳೆಯುವುದು. ಟಿಕೆಟ್ ಮೆಷಿನ್ ಬಂದ ಮೇಲೂ ಅದು ಬುದ್ಧಿ ಕಲಿಯಲಿಲ್ಲ, ಗುಂಡಿ ಒತ್ತುವ ಮುಂಚೆಯೂ ನಾಲಿಗೆಯ ಹತ್ತಿರ ಹೋಗಿ ಬರುತ್ತಿತ್ತು. ಬಸ್ಸಿನಲ್ಲಿ ಯಾರೂ ಚಕಾರವೆತ್ತಲಿಲ್ಲ. ನರ್ಸಿಂಗ್ ಸ್ಕೂಲಿನಲ್ಲಿ ಅದೇ ಕುತ್ತಿಗೆಗೆ ಬಂತು.

ಈ ವಯಸ್ಸಿನಲ್ಲಿ ನರ್ಸಿಂಗ್ ಯಾಕೆ ಎಂದು ಕೇಳದವರಿಲ್ಲ. ಒಂದು ಮಧ್ಯಾಹ್ನ ಹಿಂದಿನ ಸೀಟಿನಲ್ಲಿದ್ದ ಮುದುಕನಿಗೆ ಎದೆನೋವು ಬಂದಿತ್ತು. ಬಸ್ಸನ್ನು ನೇರ ಆಸ್ಪತ್ರೆಗೆ ಓಡಿಸಿದರು. ದಾರಿಯುದ್ದಕ್ಕೂ ಮುದುಕ ಇವನ ಕೈ ಹಿಡಿದು "ಇನ್ನೆಷ್ಟು ದೂರ?" ಎಂದು ಕೇಳುತ್ತಲೇ ಇದ್ದ. ಇವನು "ಮುಂದಿನದೇ ಸ್ಟಾಪ್" ಎನ್ನುತ್ತಲೇ ಇದ್ದ. ಬೇರೇನು ಮಾಡಬೇಕೆಂದು ಗೊತ್ತಿರಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಒಬ್ಬ ನರ್ಸ್ ಬಂದು, ಮಾತಿಲ್ಲದೆ ಕತೆಯಿಲ್ಲದೆ, ನಾಲ್ಕು ಕೆಲಸ ನಾಲ್ಕು ನಿಮಿಷದಲ್ಲಿ ಮಾಡಿದಳು. ಮುದುಕ ಉಳಿದ. ಕಂಡಕ್ಟರನಿಗೆ ಆ ನರ್ಸಿನ ಕೈಗಳ ಮೇಲೆ ಹೊಟ್ಟೆಕಿಚ್ಚು ಹತ್ತಿತು. ಎಷ್ಟು ಹತ್ತಿತೆಂದರೆ ಆರು ತಿಂಗಳಲ್ಲಿ ಬಸ್ಸಿನ ಕೆಲಸಕ್ಕೆ ರಾಜೀನಾಮೆ ಕೊಟ್ಟ.

ಮೊದಲ ದಿನ ಅವನು ತರಗತಿಯೊಳಗೆ ಕಾಲಿಟ್ಟಾಗ ಹದಿನೆಂಟರ ಮಕ್ಕಳೆಲ್ಲ ಎದ್ದು ನಿಂತು "ಗುಡ್ ಮಾರ್ನಿಂಗ್ ಸರ್" ಎಂದವು. ಅವನಾದರೋ ಬಾಗಿಲಲ್ಲೇ ನಿಂತು, "ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಪೂರ್ತಿ ಖಾಲಿ ಇದೆ" ಎಂದು ಹಿಂದಿನಿಂದ ಬರುತ್ತಿದ್ದವರನ್ನು ಒಳಗೆ ತಳ್ಳಿ, ಎಲ್ಲರೂ ಕೂತ ಮೇಲೆ "ರೈಟ್" ಎಂದ. ಪಾಠ ಹೇಳುವ ಮೇಡಮ್ ಬೋರ್ಡಿನ ಹತ್ತಿರ ಚಾಕ್ ಹಿಡಿದು ನೋಡುತ್ತಿದ್ದರು. ಅವರಿಗೆ ಇಪ್ಪತ್ತೊಂಬತ್ತು ವರ್ಷ, ನಗು ಮಾತ್ರ ಆಗಲೇ ನಿವೃತ್ತಿಯಾಗಿತ್ತು.

ಮೊದಲ ಪ್ರಾಕ್ಟಿಕಲ್ ಪರೀಕ್ಷೆ ರಬ್ಬರ್ ಗೊಂಬೆಯ ಮೇಲೆ. ಗಾಯಕ್ಕೆ ಡ್ರೆಸ್ಸಿಂಗ್ ಮಾಡಬೇಕು. ಕಂಡಕ್ಟರ ಮೊಣಕೈವರೆಗೆ ಕೈ ತೊಳೆದ, ಮಾಸ್ಕ್ ಹಾಕಿದ, ಗೊಂಬೆಗೆ ಧೈರ್ಯವನ್ನೂ ಹೇಳಿದ. ಆಮೇಲೆ ಗ್ಲೌಸಿನ ಪೊಟ್ಟಣ ಬಿಚ್ಚಬೇಕಲ್ಲ. ಮಾಸ್ಕನ್ನು ಗಲ್ಲಕ್ಕೆ ಇಳಿಸಿದ, ಹೆಬ್ಬೆರಳು ನೆಕ್ಕಿದ, ಮಾಸ್ಕನ್ನು ಮತ್ತೆ ನೀಟಾಗಿ ಏರಿಸಿದ.

"ಏನ್ರೀ ಮಾಡಿದ್ರಿ ಈಗ?" ಎಂದರು ಮೇಡಮ್.

"ಏನ್ ಮಾಡ್ದೆ ಮೇಡಮ್?" ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ.

"ಎಂಜಲು! ಗಾಯಕ್ಕೆ ಎಂಜಲು ಹಚ್ಚೋದಕ್ಕೆ ನಮ್ಮ ಸ್ಕೂಲೇ ಬೇಕಾ? ಫೇಲ್. ಇನ್ನೊಂದೇ ಅವಕಾಶ ಇರೋದು. ಅದೂ ಹೋದ್ರೆ ನಿಮ್ಮ ಹೆಸರು ತೆಗೆದುಬಿಡ್ತೀವಿ."

ಮನೆಯಲ್ಲಿ ಹೆಂಡತಿ ಕೇಳಿಸಿಕೊಂಡು ಹಣೆ ಚಚ್ಚಿಕೊಂಡಳು. ಕಹಿ ಮಾತ್ರೆ ಅರೆದು ಹೆಬ್ಬೆರಳಿಗೆ ಬಳಿದಳು. ಮೂರನೇ ದಿನಕ್ಕೆ ಅವನಿಗೆ ಆ ಕಹಿಯೇ ಒಗ್ಗಿಹೋಯಿತು. ಬೆರಳಿಗೆ ಬಟ್ಟೆ ಸುತ್ತಿದಳು, ಬಟ್ಟೆಯನ್ನೇ ನೆಕ್ಕಿದ. ಕೊನೆಗೆ ಅವಳು ಅವನ ವಿದ್ಯೆಯನ್ನೇ ಅವನ ಮೇಲೆ ತಿರುಗಿಸಿದಳು. ಪೇಪರ್ ತಿರುವಲು ಬೆರಳು ಮೇಲೇಳುವುದೇ ತಡ, ಅಡುಗೆಮನೆಯಿಂದ ಗುಡುಗುತ್ತಿದ್ದಳು: "ಹೋಲ್ಡಾನ್!"

ಬೆರಳು ಗಕ್ಕನೆ ನಿಲ್ಲುತ್ತಿತ್ತು. ಬಸ್ಸನ್ನೇ ನಿಲ್ಲಿಸುವ ಮಾತು, ಬೆರಳು ಯಾವ ಲೆಕ್ಕ? ಮೂರು ವಾರ ಆ ಮನೆಯಲ್ಲಿ ಹೋಲ್ಡಾನ್ ಬಿಟ್ಟರೆ ಬೇರೆ ಮಾತೇ ಇರಲಿಲ್ಲ.

"ಅಲ್ಲಿಗೂ ನೀನೇ ಬಂದುಬಿಡೇ," ಎಂದ ಪರೀಕ್ಷೆಯ ಬೆಳಿಗ್ಗೆ. ಮುಖ ಬಾಡಿತ್ತು.

"ನಾನ್ ಬಂದ್ರೆ ನನಗೇ ಸರ್ಟಿಫಿಕೇಟ್ ಕೊಡ್ತಾರೆ. ನಡೀರಿ."

ಈ ಸಲ ಗೊಂಬೆಯಲ್ಲ, ವಾರ್ಡಿನಲ್ಲಿ ನಿಜವಾದ ಅಜ್ಜಿ. ಮೊಣಕಾಲಿನ ಕೆಳಗೆ ಗಾಯ. ಅಜ್ಜಿ ಮಂಚದ ಕಂಬಿಯನ್ನು ಆಗಲೇ ಭದ್ರವಾಗಿ ಹಿಡಿದು, "ನೋವಾಗತ್ತಾ ಸಿಸ್ಟರ್?" ಎಂದಳು. ಕಂಡಕ್ಟರ ತಿರುಗಿ ನೋಡಿದ, ಹಿಂದೆ ಯಾರೂ ಇರಲಿಲ್ಲ. ಸಿಸ್ಟರ್ ತಾನೇ.

"ಸ್ವಲ್ಪ ಆಗತ್ತೆ ಅಜ್ಜಿ. ಬೇಗ ಮುಗಿಸ್ತೀನಿ."

ಕೈ ತೊಳೆದ. ಟ್ರೇ ಜೋಡಿಸಿದ. ಮೇಡಮ್ ಪಕ್ಕದಲ್ಲಿ ಕಾಗದ ಹಿಡಿದು ನಿಂತರು. ಗ್ಲೌಸಿನ ಪೊಟ್ಟಣ ಕೈಗೆ ಬಂತು. ಅದರ ಅಂಚು ಅಂಟಿಕೊಂಡಿತ್ತು, ಹಾಳಾದ್ದು, ಥೇಟ್ ಹೊಸ ಟಿಕೆಟ್ ಕಟ್ಟಿನ ಹಾಗೆ. ಹೆಬ್ಬೆರಳು ಮೆಲ್ಲಗೆ ಮೇಲೆದ್ದಿತು. ಎದೆ ದಾಟಿತು, ಕೊರಳು ದಾಟಿತು. ಅವನು ನೋಡುತ್ತಲೇ ಇದ್ದ, ತಡೆಯಲಾಗಲಿಲ್ಲ. ಹೆಂಡತಿ ಇಲ್ಲ, ಅಡುಗೆಮನೆ ಇಲ್ಲ. ಮಾಸ್ಕಿಗೆ ಇನ್ನೊಂದು ಅಂಗುಲ ಇದ್ದಾಗ ಅವನ ಹೊಟ್ಟೆಯೊಳಗಿಂದ ಇಪ್ಪತ್ತೆರಡು ವರ್ಷದ ದನಿ ಎದ್ದುಬಂತು.

"ಹೋಲ್ಡಾನ್!"

ಬೆರಳು ನಿಂತಿತು. ಅದರ ಜೊತೆಗೆ ವಾರ್ಡೂ ನಿಂತಿತು. ಊಟದ ಗಾಡಿ ತಳ್ಳುತ್ತಿದ್ದ ಆಯಾ ನಿಂತಳು. ಕೋಲೂರಿ ನಡೆಯುತ್ತಿದ್ದ ರೋಗಿ ಒಂದು ಕಾಲೆತ್ತಿಕೊಂಡೇ ಗೋಡೆಗೆ ಒರಗಿದ. ಮೇಡಮ್ ಸಲೈನ್ ಕಂಬಿಯನ್ನು ಗಬಕ್ಕನೆ ಹಿಡಿದುಕೊಂಡಿದ್ದರು. ಯಾರೂ ಅಲ್ಲಾಡಲಿಲ್ಲ.

ಹೋಯಿತು, ಎಲ್ಲ ಹೋಯಿತು ಎಂದುಕೊಂಡ ಕಂಡಕ್ಟರ. ಆದರೆ ಬೆರಳು ಒಣಗಿಯೇ ಇತ್ತು.

"ರೈಟ್ ಅನ್ನಿ," ಎಂದು ಪಿಸುಗುಟ್ಟಿದರು ಮೇಡಮ್. "ಎಲ್ಲರೂ ಕಾಯ್ತಿದಾರೆ."

"ರೈಟ್," ಎಂದ ಸಣ್ಣಗೆ. ವಾರ್ಡು ಹೊರಟಿತು.

ಪೊಟ್ಟಣದ ಅಂಚನ್ನು ಒಣಬೆರಳಿನಿಂದಲೇ ತಿಕ್ಕಿ ತಿಕ್ಕಿ ಬಿಡಿಸಿದ. ಗ್ಲೌಸ್ ಹಾಕಿ ಗಾಯ ತೊಳೆಯತೊಡಗಿದ. ಅಜ್ಜಿ ಕಣ್ಣು ಮುಚ್ಚಿಕೊಂಡು, "ಇನ್ನೆಷ್ಟಿದೆಯಪ್ಪಾ?" ಎಂದಳು.

"ಮುಂದಿನದೇ ಸ್ಟಾಪ್ ಅಜ್ಜಿ."

ಹೇಳಿದ ಮೇಲೆ ಬಸ್ಸಿನ ಆ ಮುದುಕ ನೆನಪಾದ. ಅದೇ ಮಾತು. ಆವತ್ತು ಅದನ್ನು ಬಿಟ್ಟರೆ ಕೊಡಲು ತನ್ನಲ್ಲಿ ಬೇರೇನೂ ಇರಲಿಲ್ಲ. ಈಗ ಮಾತಿನ ಜೊತೆಗೆ ಕೈಯೂ ನಡೆಯುತ್ತಿತ್ತು. ಬ್ಯಾಂಡೇಜ್ ಸುತ್ತಿ ಮುಗಿಸುವವರೆಗೆ ಅವನು ತಲೆ ಎತ್ತಲಿಲ್ಲ.

"ಮೇಡಮ್," ಎಂದ ಕೊನೆಗೆ. ಇಪ್ಪತ್ತೆರಡು ವರ್ಷ ಬಸ್ಸು ತುಂಬ ಗದರಿಸಿ ಕೇಳಿದ ಮಾತು ಈಗ ಬಾಯಿಂದ ಹೊರಡಲೊಲ್ಲದು. "ಪಾಸಾ?"

"ಕಿರುಚಿದ್ದಕ್ಕೆ ಎರಡು ಮಾರ್ಕ್ ಕಟ್," ಎಂದು ಮೇಡಮ್ ಸಹಿ ಹಾಕಿ ಕಾಗದ ಚಾಚಿದರು. "ಪಾಸ್."

ಕಂಡಕ್ಟರ ಅದನ್ನು ತೆಗೆದುಕೊಂಡ. ಹೆಸರು ನೋಡಿದ, ತಾರೀಖು ನೋಡಿದ, ತಿರುಗಿಸಿ ಹಿಂಬದಿಯನ್ನೂ ನೋಡಿದ. ಎಲ್ಲ ಸರಿಯಿತ್ತು. ತಲೆಯಾಡಿಸಿ ಮೇಡಮ್‌ಗೆ ವಾಪಸ್ ಕೊಟ್ಟು ಮುಂದಿನ ಮಂಚದ ಕಡೆ ಹೊರಟ.

"ರೀ, ಇದು ನಿಮ್ದು," ಎಂದು ಕೂಗಿದರು ಮೇಡಮ್. "ಇಟ್ಕೊಳ್ಳಿ."