ಆರು ಗದ್ದೆಗಳ ಮಡಿವಂತ

ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿಯುವ ಮುನ್ನ ಬದುವಿನ ಮೇಲೆ ನಿಂತು, ತಂಬಿಗೆ ನೀರಿನಲ್ಲಿ ಮೊಣಕಾಲಿನವರೆಗೆ ಕಾಲು ತೊಳೆದು, ಬೆರಳ ಸಂದುಗಳನ್ನೂ ಬಿಡದೆ ಉಜ್ಜಿಕೊಳ್ಳುವ ಮನುಷ್ಯನನ್ನು ಮೊದಲ ಸಲ ಕಂಡವರು, ಪಾಪ, ಇವರಿಗೇನೋ ವ್ರತವಿರಬೇಕೆಂದುಕೊಳ್ಳುತ್ತಿದ್ದರು. ಒಂದರ್ಥದಲ್ಲಿ ವ್ರತವೇ ಸರಿ. ಭತ್ತದ ಸಂಶೋಧನಾ ಕೇಂದ್ರದಲ್ಲಿ ಕ್ಷೇತ್ರ ಸಹಾಯಕರಾಗಿದ್ದ ಅವರ ಸುಪರ್ದಿಗೆ ಆರು ಗದ್ದೆಗಳಿದ್ದವು. ಹನ್ನೆರಡು ವರ್ಷಗಳ ಹಿಂದೆ ಮೂರಕ್ಕೆ ಒಂದೇ ಒಂದು ಸಲ, ಭತ್ತದ ಹೊಟ್ಟನ್ನು ಗಾಳಿಯಾಡದಂತೆ ಸುಟ್ಟು ಮಾಡಿದ ಇದ್ದಿಲ ಪುಡಿ ಬೆರೆಸಿದ್ದರು; ಉಳಿದ ಮೂರನ್ನು ಹಾಗೆಯೇ ಬಿಟ್ಟಿದ್ದರು. ಆ ಇದ್ದಿಲು ಮಣ್ಣಿಗೆ ಎಷ್ಟು ಕಾಲ ಒಳಿತು ಮಾಡುತ್ತದೆಂದು ತಿಳಿಯಬೇಕಾದರೆ, ಅದರ ಒಂದು ಚಿಟಿಕೆಯೂ ಬರಿಯ ಗದ್ದೆಗೆ ಸೋಕಬಾರದು. ಕೇಂದ್ರದವರೆಲ್ಲ ಅವರನ್ನು ಮಡಿವಂತರೆಂದೇ ಕರೆಯುತ್ತಿದ್ದರು.

ಅವರ ನಡಿಗೆಯೂ ವಿಚಿತ್ರ. ಡಾಂಬರು ರಸ್ತೆಯ ಮೇಲೂ ಕೆಸರಿನಿಂದ ಕಾಲು ಕೀಳುವವರಂತೆ ಮಂಡಿ ಎತ್ತಿ ಎತ್ತಿ ಇಡುತ್ತಿದ್ದರು. ಮಾಸಿದ ಖಾಕಿ ಕೋಟಿನ ಎಡಜೇಬಿನಲ್ಲಿ ಇದ್ದಿಲು ಗದ್ದೆಯ ಮಣ್ಣಿನ ಪೊಟ್ಟಣ, ಬಲಜೇಬಿನಲ್ಲಿ ಬರಿಯ ಗದ್ದೆಯದು, ಅಪ್ಪಿತಪ್ಪಿಯೂ ಅದಲುಬದಲಾಗುವಂತಿಲ್ಲ. ಏನು ಕೇಳಿದರೂ "ನೋಡೋಣ" ಎನ್ನುವುದು ಅವರ ಚಾಳಿ. ಚಹಾಕ್ಕೆ ಸಕ್ಕರೆ ಸಾಕೇ ಎಂದರೂ ನೋಡೋಣ! ಹೆಂಡತಿಯಂತೂ, "ಗದ್ದೆಗೆ ಇಳಿಯೋಕೆ ಆರು ಸಲ ಕಾಲು ತೊಳೀತೀರಿ, ಮನೆಯೊಳಗೆ ಬರೋವಾಗ ಮಾತ್ರ ಮರ್ತುಹೋಗುತ್ತೆ," ಎಂದು ಛೇಡಿಸುತ್ತಿದ್ದರು.

ಹನ್ನೆರಡನೆಯ ಕೊಯ್ಲಿನ ಹೊತ್ತಿಗೆ ಎರಡು ಬಗೆಯ ಗದ್ದೆಗಳ ಅಂತರ ಕರಗುತ್ತ ಬಂದಿತ್ತು. ಮಣ್ಣಿನ ಮೃದುತ್ವವಾಗಲಿ ಇಳುವರಿಯಾಗಲಿ ಹೆಚ್ಚುಕಡಿಮೆ ಒಂದೇ. ದಶಕದಾಚೆಗೆ ಇದ್ದಿಲಿನ ಗುಣ ಅಳಿದುಹೋಗುತ್ತದೆಂದು ಕೇಂದ್ರದ ಮುಖ್ಯಸ್ಥೆ ವರದಿ ಬರೆದು ಮುಗಿಸಿದ್ದರು. ರೈತರಿಗೆ ಇದ್ದಿಲನ್ನು ಶಿಫಾರಸು ಮಾಡಬೇಕೋ ಬೇಡವೋ ಎಂಬುದು ಆ ಒಂದು ಸಾಲಿನ ಮೇಲೆ ನಿಂತಿತ್ತು. ಅದೇ ವಾರ ಬರಿಯ ಗದ್ದೆಯ ಮಣ್ಣನ್ನು ಒಣಗಿಸಿ ಜರಡಿ ಹಿಡಿಯುತ್ತಿದ್ದ ಮಡಿವಂತರ ಕೈ ತಟ್ಟನೆ ನಿಂತಿತು. ಜರಡಿಯಲ್ಲಿ ಕರಿಯ ಕಣಗಳಿದ್ದವು. ಬೆರಳಲ್ಲಿ ಒತ್ತಿದರು, ಬೆರಳಿಗೆ ಮಸಿ ಹತ್ತಿತು.

ಎಲ್ಲಿಂದ ಬಂತೆಂದು ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ನಾಟಿಗೆ ಮುಂಚೆ ಕೆಸರನ್ನು ಸಮಮಾಡಲು ಎಳೆಯುವ ಹಲಗೆ ಆರೂ ಗದ್ದೆಗಳಿಗೆ ಒಂದೇ. ಕಾಲನ್ನು ಅಷ್ಟು ನಿಷ್ಠೆಯಿಂದ ತೊಳೆದವರು ಹನ್ನೆರಡು ವರ್ಷಗಳಲ್ಲಿ ಒಮ್ಮೆಯೂ ಆ ಹಲಗೆಯನ್ನು ತೊಳೆದಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ನಿವೃತ್ತಿಗೆ ಎರಡೇ ವರ್ಷ. ಬಾಯಿ ಮುಚ್ಚಿಕೊಂಡಿದ್ದರೆ ಹಾರ ಹಾಕಿ ಕಳಿಸುತ್ತಿದ್ದರು. ಜರಡಿಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ಮುಖ್ಯಸ್ಥೆಯ ಮೇಜಿನ ಮೇಲಿಟ್ಟರು.

"ಮೇಡಂ, ಇದ್ದಿಲಿನ ಗುಣ ಹೋಯ್ತು ಅಂತ ಹೇಳೋ ಹಾಗಿಲ್ಲ. ಅದು ಪಕ್ಕದ ಗದ್ದೆಗೂ ಹೋಗಿದೆ, ಎರಡೂ ಒಂದೇ ಥರ ಕಾಣೋದು ಅದಕ್ಕೇ ಇರಬಹುದು. ಹೊತ್ಕೊಂಡು ಹೋದವನು ನಾನೇ."

ಹಲಗೆಯ ಕಥೆ ಕೇಳಿ ಆಕೆ ತಲೆ ಮೇಲೆ ಕೈಹೊತ್ತು ಕುಳಿತರು. "ಅಯ್ಯೋ, ಹನ್ನೆರಡು ವರ್ಷ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತಲ್ರೀ!" ಎಂದವರು, ದನಿ ತಗ್ಗಿಸಿ, "ಬೇರೆ ಯಾರೂ ನೋಡಿಲ್ಲ, ಅಲ್ವಾ?" ಎಂದರು.

"ನಾನು ನೋಡಿದೀನಲ್ಲ, ಮೇಡಂ."

ಆಕೆ ವರದಿಯನ್ನು ಕೈಗೆತ್ತಿಕೊಂಡರು. ಕೊನೆಯ ಪುಟದ ತೀರ್ಮಾನಕ್ಕೆ ಅಡ್ಡಗೆರೆ ಎಳೆದರು. ಅದರ ಕೆಳಗೆ ಮಡಿವಂತರು ತಮ್ಮ ಕೈಯಾರೆ ಕಾರಣ ಬರೆದು ರುಜು ಹಾಕಿದರು. ಮುಂದಿನ ಹಂಗಾಮಿನಲ್ಲಿ ಬೇರೆ ಜಾಗದಲ್ಲಿ ಹೊಸದಾಗಿ ಆರು ಗದ್ದೆ, ಆರು ಹಲಗೆ. ಅದರ ಫಲಿತಾಂಶ ನೋಡಲು ತಾವಿರುವುದಿಲ್ಲವೆಂದು ಗೊತ್ತಿದ್ದೂ, ಮೊದಲ ಬುಟ್ಟಿ ಇದ್ದಿಲನ್ನು ಸುರಿದವರು ಅವರೇ.

ಕಟ್ಟುನಿಟ್ಟಿನವರು ಲೋಕದಲ್ಲಿ ಬೇಕಾದಷ್ಟಿದ್ದಾರೆ; ಆ ಕಟ್ಟುನಿಟ್ಟು ತಮ್ಮ ಕೊರಳಿಗೇ ಬಂದಾಗಲೂ ಸಡಿಲಿಸದವರು ಅಪರೂಪ. ಅಂಥವರ ಹೆಸರು ಯಾವ ವರದಿಯ ತಲೆಯ ಮೇಲೂ ಇರುವುದಿಲ್ಲ, ಇದ್ದರೆ ಒಂದು ತಪ್ಪಿನ ಕೆಳಗಿರುತ್ತದೆ. ನಿಜವೆಂದು ನಾವು ನಿಶ್ಚಿಂತೆಯಿಂದ ನಂಬಿಕೊಂಡಿರುವುದೆಲ್ಲ ಅಂಥದೊಂದು ರುಜುವಿನ ಮೇಲೆ ನಿಂತಿರುತ್ತದೆ.